ಜ್ವರ ಹೋಯಿತು, ಜನ ಬಂದರು: ವಯನಾಡಿನ ಜನಗಣತಿ ನಮಗೆ ಹೇಳುವ ಪಾಠ



ಕೇರಳದ ಭೂಪಟವನ್ನು ಗೋಡೆಗೆ ತೂಗುಹಾಕಿ ಜಿಲ್ಲೆಗಳ ಹೆಸರು ಹೇಳಿಸುವಾಗ ನಮ್ಮ ಮಕ್ಕಳು ಮೊದಲು ಕೋಲು ಇಡುವುದು ಕಾಸರಗೋಡಿನ ಮೇಲೆ. ಅದು ಸಹಜ. ಆಮೇಲೆ ಕೋಲು ಕೆಳಗಿಳಿದು ಕಣ್ಣೂರು, ಕೋಝಿಕ್ಕೋಡು ಎಂದು ಕಡಲ ಬದಿಯಲ್ಲೇ ಸಾಗುತ್ತದೆ. ಬಲಬದಿಗೆ, ಘಟ್ಟದ ಮೇಲೆ, ಕೊಡಗು ಮತ್ತು ಗುಂಡ್ಲುಪೇಟೆಗಳಿಗೆ ಬೆನ್ನು ತಾಗಿಸಿ ಕುಳಿತ ವಯನಾಡು ಹೆಚ್ಚಾಗಿ ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟುಹೋದದ್ದು ನಮ್ಮ ತರಗತಿಯಲ್ಲಿ ಮಾತ್ರವಲ್ಲ. ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು, ಕೇರಳದ ಹನ್ನೆರಡನೆಯ ಜಿಲ್ಲೆಯಾಗಿ. ನಮ್ಮ ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು, ಹದಿನಾಲ್ಕನೆಯದಾಗಿ. ಪಂಕ್ತಿಯಲ್ಲಿ ಕೊನೆಗೆ ಕುಳಿತವರಿಗೆ ಬಡಿಸುವಾಗ ಪಾತ್ರೆ ಬರಿದಾಗಿರುತ್ತದೆ ಎಂಬ ಮಾತು ಈ ಎರಡು ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಬಹುಕಾಲ ನಿಜವಾಗಿತ್ತು.

ಯಾಕೆ ಹೀಗಾಯಿತು? ಜನಸಂಖ್ಯೆ ಬದಲಾದರೆ ರಾಜಕೀಯ ಪಕ್ಷಗಳು ಬದಲಾಗುತ್ತವೆ, ಪಕ್ಷಗಳು ಬದಲಾದರೆ ಆಸ್ಪತ್ರೆ ಎಲ್ಲಿ ಏಳಬೇಕು ಎಂಬುದೂ ಬದಲಾಗುತ್ತದೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇವು ಮೂರು ಬೇರೆ ಬೇರೆ ಪಾಠಗಳು. ವಯನಾಡಿನ ಚರಿತ್ರೆಯಲ್ಲಿ ಮೂರೂ ಒಂದೇ ಪಾಠ. ಅದನ್ನೇ ಇಲ್ಲಿ ಆದಷ್ಟು ಸರಳವಾಗಿ ಬಿಡಿಸಿಡಲು ಪ್ರಯತ್ನಿಸುತ್ತೇವೆ.

ಮೊದಲು ಲೆಕ್ಕ

1901ರ ಜನಗಣತಿಯಲ್ಲಿ ಈಗಿನ ವಯನಾಡು ಪ್ರದೇಶದ ಜನಸಂಖ್ಯೆ ಸುಮಾರು 75 ಸಾವಿರ. ನಲವತ್ತು ವರ್ಷ ಕಳೆದ ಮೇಲೆ, 1941ರಲ್ಲಿ, ಸುಮಾರು 1 ಲಕ್ಷದ 6 ಸಾವಿರ. ನಲವತ್ತು ವರ್ಷಗಳಲ್ಲಿ ಮೂವತ್ತು ಸಾವಿರದಷ್ಟೇ ಏರಿಕೆ. ಇನ್ನು ಮುಂದಿನ ಸಂಖ್ಯೆಗಳನ್ನು ನೋಡಿ. 1951ರಲ್ಲಿ 1.69 ಲಕ್ಷ, 1961ರಲ್ಲಿ 2.75 ಲಕ್ಷ, 1971ರಲ್ಲಿ 4.13 ಲಕ್ಷ, 1981ರಲ್ಲಿ 5.54 ಲಕ್ಷ, 1991ರಲ್ಲಿ 6.72 ಲಕ್ಷ, 2001ರಲ್ಲಿ 7.80 ಲಕ್ಷ, 2011ರಲ್ಲಿ 8.17 ಲಕ್ಷ. 1951ರಿಂದ 1961ರ ಒಂದೇ ದಶಕದಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಏರಿಕೆ! ಮನೆಯಲ್ಲಿ ಹುಟ್ಟಿದ ಮಕ್ಕಳಿಂದ ಮಾತ್ರ ಇಷ್ಟು ಏರಲು ಸಾಧ್ಯವಿಲ್ಲ. ಜನ ಹೊರಗಿನಿಂದ ಬಂದರು ಎಂದೇ ಅರ್ಥ.

ಹಾಗಾದರೆ 1941ರ ವರೆಗೆ ಯಾಕೆ ಬರಲಿಲ್ಲ? ಇದಕ್ಕೆ ಮುಖ್ಯ ಉತ್ತರ ಮಲೇರಿಯ. 'ವಯನಾಡು ಜ್ವರ' ಎಂದರೆ ಬಯಲುಸೀಮೆಯವರೂ ಕರಾವಳಿಯವರೂ ನಡುಗುತ್ತಿದ್ದ ಕಾಲವೊಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಅಲ್ಲಿ ಕಾಫಿ ತೋಟ ಮಾಡಿದರು, 1880ರ ಹೊತ್ತಿಗೆ ಚಿನ್ನ ಸಿಗುತ್ತದೆಂದು ಬೆಟ್ಟ ಕೊರೆದರು. ಆದರೂ ನೆಲೆನಿಂತವರು ಕಡಿಮೆ. ಕಾಡನ್ನು ಅರಣ್ಯ ಇಲಾಖೆಗಿಂತ ಮೊದಲು ಕಾದದ್ದು ಸೊಳ್ಳೆ ಎಂದರೆ ಅತಿಶಯವಲ್ಲ.

ಮೊದಲಿನಿಂದ ಇದ್ದವರು

ವಯನಾಡು ನಮಗೆ ಪರಕೀಯವಲ್ಲ. ಹಳೆಯ ಕನ್ನಡ ಶಾಸನಗಳಲ್ಲಿ ಇದು 'ಬಯಲ್ನಾಡು'. ಸುಲ್ತಾನ್ ಬತ್ತೇರಿಯ ಜೈನ ಬಸದಿ ಇಂದಿಗೂ ನಿಂತಿದೆ. ಕರ್ನಾಟಕದಿಂದ ಹೋಗಿ ನೆಲೆಸಿದ ಜೈನ ಗೌಡರ ಮನೆಗಳು ಕಲ್ಪೆಟ್ಟದ ಸುತ್ತಮುತ್ತ ಇವೆ. ನಮ್ಮ ಕಡೆ ಜೇನುಕುರುಬರೆಂದು ಕರೆಯುವವರಿಗೆ ಹತ್ತಿರದವರೇ ಅಲ್ಲಿನ ಕಾಟ್ಟುನಾಯ್ಕರು. ಅವರ ಮಾತು ಕಿವಿಗೆ ಬಿದ್ದರೆ ಕನ್ನಡದ ನೆಂಟಸ್ತಿಕೆ ಗೊತ್ತಾಗುತ್ತದೆ. ಇವರಲ್ಲದೆ ಪಣಿಯರು, ಅಡಿಯರು, ಕುರಿಚ್ಯರು, ಮುಳ್ಳುಕುರುಮರು, ಬೆಟ್ಟಕುರುಮರು. ಸಂಖ್ಯೆಯಲ್ಲಿ ಹೆಚ್ಚಿನವರು ಪಣಿಯರು. ಕುರಿಚ್ಯರು ಮತ್ತು ಮುಳ್ಳುಕುರುಮರಿಗೆ ಒಂದಿಷ್ಟು ಸ್ವಂತ ಭೂಮಿ ಇತ್ತು. ಪಣಿಯರು, ಅಡಿಯರು ಒಡೆಯರ ಗದ್ದೆಯ ಆಳುಗಳು. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಅವರನ್ನು ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲೂ ನಡೆದಿತ್ತು. ಎಲ್ಲ ಆದಿವಾಸಿಗಳೂ ಒಂದೇ ಎಂದು ನಮ್ಮ ಮಕ್ಕಳಿಗೆ ಹೇಳಿಕೊಡಬಾರದು. ಈ ವ್ಯತ್ಯಾಸ ಮುಂದೆ ರಾಜಕೀಯದಲ್ಲೂ ಕಾಣಿಸುತ್ತದೆ.

ಬಂದವರು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ತಿರುವಿತಾಂಕೂರಿನಲ್ಲಿ ಜನ ಹೆಚ್ಚು, ಭೂಮಿ ಕಡಿಮೆ. ಮದರಾಸು ಪ್ರಾಂತ್ಯದ ಮಲಬಾರಿನಲ್ಲಿ ಕಾಡುಭೂಮಿ ಅಗ್ಗ. ಮೀನಚ್ಚಿಲ್, ಕೋಟ್ಟಯಂ ಕಡೆಯ ಕ್ರೈಸ್ತ ಕೃಷಿಕರು ಇದ್ದದ್ದನ್ನು ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಘಟ್ಟ ಹತ್ತಿದರು. ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರಿಗೆ ಭೂಮಿ ಕೊಡುವ ವಯನಾಡು ವಸಾಹತು ಯೋಜನೆಯನ್ನು ಸರ್ಕಾರವೇ ತಂದಿತು. ಅಂಬಲವಯಲಿನ ಕೃಷಿ ಸಂಶೋಧನಾ ಕೇಂದ್ರ 1946ರಲ್ಲಿ ಆರಂಭವಾದದ್ದು ಅದರ ಭಾಗವಾಗಿ. ಕೋಝಿಕ್ಕೋಡು, ಮಲಪ್ಪುರಂ ಕಡೆಯಿಂದ ಮುಸ್ಲಿಂ ವ್ಯಾಪಾರಿಗಳೂ ಕೃಷಿಕರೂ ಬಂದರು. ತೋಟಗಳ ಕೂಲಿಗೆ ಬಂದು ಅಲ್ಲೇ ಉಳಿದವರೂ ಹಲವರು.

ಬಂದವರು ಸುಖವಾಗಿ ಬಂದರು ಎಂದು ತಿಳಿಯಬೇಡಿ. ಮೊದಲ ಮಳೆಗಾಲದಲ್ಲೇ ಜ್ವರಕ್ಕೆ ಮಕ್ಕಳನ್ನು ಕಳೆದುಕೊಂಡವರು ಎಷ್ಟೋ ಮಂದಿ. ಎಸ್.ಕೆ. ಪೊಟ್ಟೆಕ್ಕಾಟ್ಟ್ ಅವರ 'ವಿಷಕನ್ಯಕ' ಎಂಬ ಮಲಯಾಳ ಕಾದಂಬರಿಯ ವಸ್ತುವೇ ಈ ವಲಸೆಯ ಸಂಕಟ. ಆದರೆ ಯುದ್ಧಾನಂತರ ಡಿ.ಡಿ.ಟಿ. ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಜ್ವರ ಹಿಂದೆ ಸರಿಯಿತು. ಜ್ವರ ಸರಿದ ದಾರಿಯಲ್ಲೇ ಜನ ನಡೆದು ಬಂದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸರ್ಕಾರಿ ಆರೋಗ್ಯ ಕಾರ್ಯಕ್ರಮದ ಫಲವಾಗಿಯೇ ವಯನಾಡಿನ ಜನಸಂಖ್ಯೆಯ ಸ್ವರೂಪ ಬದಲಾಯಿತು. ಹಾಗೆ ಬದಲಾದ ಜನಸಂಖ್ಯೆ ಮುಂದೆ ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನೇ ಬದಲಾಯಿಸಿತು.

ಪಕ್ಷಗಳ ಲೆಕ್ಕಾಚಾರ

2011ರ ಗಣತಿಯಂತೆ ವಯನಾಡಿನಲ್ಲಿ ಹಿಂದೂಗಳು ಶೇ. 49.5, ಮುಸ್ಲಿಮರು ಶೇ. 28.6, ಕ್ರೈಸ್ತರು ಶೇ. 21.3. ಪರಿಶಿಷ್ಟ ಪಂಗಡದವರು 1,51,443 ಮಂದಿ, ಅಂದರೆ ಶೇ. 18.5. ಕೇರಳದ ಒಟ್ಟು ಆದಿವಾಸಿಗಳಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಈ ಒಂದೇ ಪುಟ್ಟ ಜಿಲ್ಲೆಯಲ್ಲಿದ್ದಾರೆ. ಆದರೂ ಸ್ವಂತ ನೆಲದಲ್ಲಿ ಅವರು ಐವರಲ್ಲಿ ಒಬ್ಬರೂ ಅಲ್ಲ.

ಯಾವ ಪಕ್ಷವೂ ಈ ಲೆಕ್ಕವನ್ನು ಮರೆತು ಚುನಾವಣೆಗೆ ನಿಲ್ಲುವುದಿಲ್ಲ. ಘಟ್ಟ ಹತ್ತಿದ ಕ್ರೈಸ್ತ ಕೃಷಿಕರಲ್ಲಿ ಕಾಂಗ್ರೆಸ್ ಬೇರುಬಿಟ್ಟಿತು. ಮುಸ್ಲಿಂ ಲೀಗ್ ಮುಸ್ಲಿಂ ಜನವಸತಿಗಳಲ್ಲಿ ಬೆಳೆಯಿತು. ತೋಟ ಕಾರ್ಮಿಕರಲ್ಲಿ, ಕೃಷಿಕಾರ್ಮಿಕರಲ್ಲಿ ಕಮ್ಯುನಿಸ್ಟರು ಸಂಘ ಕಟ್ಟಿದರು. ಹಳೆಯ ಜೈನ ಮನೆತನದಿಂದ ಸಮಾಜವಾದಿಗಳು ಬಂದರು, ಎಂ.ಕೆ. ಪದ್ಮಪ್ರಭ ಗೌಡರ ಮಗ ಎಂ.ಪಿ. ವೀರೇಂದ್ರ ಕುಮಾರ್ 1987ರಲ್ಲಿ ಕಲ್ಪೆಟ್ಟದಿಂದ ವಿಧಾನಸಭೆಗೆ ಆಯ್ಕೆಯಾಗಿ ಅರಣ್ಯ ಸಚಿವರಾಗಿ 48 ಗಂಟೆಗಳೊಳಗೆ ರಾಜೀನಾಮೆ ಕೊಟ್ಟದ್ದು ಹಿರಿಯರಿಗೆ ನೆನಪಿರಬಹುದು. ಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯಕ್ಕೂ ಭೂಮಿ, ವಿದ್ಯೆ, ಪತ್ರಿಕೆ ಇದ್ದರೆ ರಾಜಕೀಯದಲ್ಲಿ ದನಿ ಇರುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಪಣಿಯರಿಗೆ ಸಂಖ್ಯೆ ಇತ್ತು, ಉಳಿದ ಮೂರು ಇರಲಿಲ್ಲ.

ಮೀಸಲು ಕ್ಷೇತ್ರಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಮೊದಲು ಉತ್ತರ ವಯನಾಡು ಒಂದೇ ಮೀಸಲಾಗಿತ್ತು. 2008ರ ಕ್ಷೇತ್ರ ಪುನರ್‌ವಿಂಗಡಣೆಯ ನಂತರ ಮಾನಂತವಾಡಿ ಮತ್ತು ಸುಲ್ತಾನ್ ಬತ್ತೇರಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲು. 140 ಸ್ಥಾನಗಳ ಕೇರಳ ವಿಧಾನಸಭೆಯಲ್ಲಿ ಇಂತಹ ಕ್ಷೇತ್ರಗಳು ಇವೆರಡೇ. ಆದರೆ ಈ ಎರಡು ಕಡೆಯೂ ಮತದಾರರಲ್ಲಿ ಬಹುಪಾಲು ಆದಿವಾಸಿಗಳಲ್ಲ. ಅಭ್ಯರ್ಥಿ ಆದಿವಾಸಿಯೇ ಆಗಬೇಕು, ಗೆಲ್ಲಿಸುವವರು ಮಾತ್ರ ಇತರರು. ಹಾಗಾಗಿ ಅಭ್ಯರ್ಥಿ ಯಾರ ಮಾತಿಗೆ ಹೆಚ್ಚು ಕಿವಿಗೊಡಬೇಕಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. 2011ರಲ್ಲಿ ಕಾಂಗ್ರೆಸ್ಸಿನ ಪಿ.ಕೆ. ಜಯಲಕ್ಷ್ಮಿ ಸಚಿವೆಯಾದರು. 2024ರ ಜೂನ್‌ನಲ್ಲಿ ಸಿ.ಪಿ.ಎಂ.ನ ಒ.ಆರ್. ಕೇಳು ಸಚಿವರಾದರು. ಇಬ್ಬರೂ ಮಾನಂತವಾಡಿಯಿಂದ ಗೆದ್ದವರು, ಇಬ್ಬರೂ ಕುರಿಚ್ಯ ಸಮುದಾಯದವರು. ಇದು ಹೆಮ್ಮೆಯ ವಿಷಯವೇ. ಆದರೆ ಹೆಚ್ಚು ಸಂಖ್ಯೆಯ, ಹೆಚ್ಚು ಬಡತನದ ಪಣಿಯರಿಗೆ ಆ ಕುರ್ಚಿ ಸಿಗಲಿಲ್ಲ.

ಲೋಕಸಭೆಯ ಕತೆ ಇನ್ನೊಂದು. 2009ರ ತನಕ ವಯನಾಡು ಹೆಸರಿನ ಲೋಕಸಭಾ ಕ್ಷೇತ್ರವೇ ಇರಲಿಲ್ಲ; ಜಿಲ್ಲೆಯ ಭಾಗಗಳು ಕೋಝಿಕ್ಕೋಡು ಮತ್ತು ಕಣ್ಣೂರು ಕ್ಷೇತ್ರಗಳಲ್ಲಿ ಹಂಚಿಹೋಗಿದ್ದವು. ಹೊಸ ಕ್ಷೇತ್ರದ ಏಳು ವಿಧಾನಸಭಾ ಭಾಗಗಳಲ್ಲಿ ವಯನಾಡು ಜಿಲ್ಲೆಯವು ಮೂರು ಮಾತ್ರ. ತಿರುವಂಬಾಡಿ ಕೋಝಿಕ್ಕೋಡು ಜಿಲ್ಲೆಯದು. ಏರನಾಡು, ನಿಲಂಬೂರು, ವಂಡೂರು ಮಲಪ್ಪುರಂ ಜಿಲ್ಲೆಯವು. 2009 ಮತ್ತು 2014ರಲ್ಲಿ ಎಂ.ಐ. ಶಾನವಾಸ್, 2019 ಮತ್ತು 2024ರಲ್ಲಿ ರಾಹುಲ್ ಗಾಂಧಿ, 2024ರ ನವೆಂಬರ್ ಉಪಚುನಾವಣೆಯಲ್ಲಿ ಪ್ರಿಯಾಂಕಾ ಗಾಂಧಿ ಇಲ್ಲಿಂದ ಗೆದ್ದರು. ದೇಶದ ಪತ್ರಿಕೆಗಳೆಲ್ಲ ವಯನಾಡಿನ ಹೆಸರು ಬರೆದವು. ಹೆಸರು ವಯನಾಡಿನದು, ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಘಟ್ಟದ ಕೆಳಗಿನವು.

ಪಕ್ಷಗಳಲ್ಲಿ ಜಾಗ ಸಿಗದಾಗ ಜನ ಬೀದಿಗೆ ಬರುತ್ತಾರೆ. ಅಡಿಯ ಸಮುದಾಯದ ಸಿ.ಕೆ. ಜಾನು ಅವರ ಮುಂದಾಳುತನದಲ್ಲಿ 2001ರಲ್ಲಿ ತಿರುವನಂತಪುರದ ಸೆಕ್ರೆಟೇರಿಯೇಟ್ ಎದುರು ಗುಡಿಸಲು ಕಟ್ಟಿ ಭೂಮಿಗಾಗಿ ಹೋರಾಟ ನಡೆಯಿತು. 2003ರ ಫೆಬ್ರವರಿ 19ರಂದು ಮುತ್ತಂಗದಲ್ಲಿ ಗೋಲಿಬಾರ್ ಆಯಿತು. ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಸತ್ತರು. 2016ರಲ್ಲಿ ಜಾನು ಅವರು ಸ್ವಂತ ಪಕ್ಷ ಕಟ್ಟಿದರು. ಭೂಮಿಯ ಪ್ರಶ್ನೆಗೂ ಆರೋಗ್ಯಕ್ಕೂ ಏನು ಸಂಬಂಧ ಎನ್ನಬೇಡಿ. ಅಂಗಳದಲ್ಲಿ ನಾಲ್ಕು ಬಾಳೆ, ಒಂದು ಹಸು, ತುಸು ಸೊಪ್ಪು ಬೆಳೆಯಲು ಜಾಗವಿಲ್ಲದ ಮನೆಯ ಬಾಣಂತಿಗೆ ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರೂ ರಕ್ತ ಏರುವುದಿಲ್ಲ.

ಆಸ್ಪತ್ರೆ ಎಲ್ಲಿ ಏಳುತ್ತದೆ?

ತಿರುವಿತಾಂಕೂರಿನಿಂದ ಬಂದವರು ಕರಿಮೆಣಸಿನ ಬಳ್ಳಿಯ ಜೊತೆ ಇನ್ನೊಂದನ್ನೂ ತಂದರು. ಅದು ಕೇಳುವ ಅಭ್ಯಾಸ. ಶಾಲೆ ಬೇಕು, ರಸ್ತೆ ಬೇಕು, ಡಾಕ್ಟರು ಬೇಕು ಎಂದು ಅರ್ಜಿ ಬರೆಯುವುದು, ನಿಯೋಗ ಹೋಗುವುದು, ಸಿಗದಿದ್ದರೆ ಧರಣಿ ಕೂರುವುದು. ಕೇರಳದ ಆರೋಗ್ಯ ಸಾಧನೆಗೆ ಸರ್ಕಾರದಷ್ಟೇ ಈ ಅಭ್ಯಾಸವೂ ಕಾರಣ. ಚರ್ಚುಗಳು ಆಸ್ಪತ್ರೆ ಕಟ್ಟಿದವು. 1956ರ ನಂತರ ಬಂದ ಸರ್ಕಾರಗಳು, ಬಣ್ಣ ಯಾವುದೇ ಇರಲಿ, ಹಿಂದುಳಿದಿದ್ದ ಮಲಬಾರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಹೆಚ್ಚಿಸುತ್ತ ಬಂದವು. ಇದರ ಫಲ ಆದಿವಾಸಿಗಳಿಗೂ ಸಿಕ್ಕಿತು ಎನ್ನುವುದನ್ನು ಒಪ್ಪಲೇಬೇಕು. ಬಂದವರಿಂದ ಕೆಟ್ಟದ್ದೇ ಆಯಿತು ಎಂದು ಬರೆದರೆ ಅದು ಚರಿತ್ರೆಯಾಗುವುದಿಲ್ಲ.

ಆದರೆ ದೊಡ್ಡ ಆಸ್ಪತ್ರೆ? ಹೃದಯಾಘಾತವಾದರೆ, ತಲೆಗೆ ಪೆಟ್ಟಾದರೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದು ಕೋಝಿಕ್ಕೋಡು ಮೆಡಿಕಲ್ ಕಾಲೇಜಿಗೆ ಓಡಬೇಕು. ಇಲ್ಲವೇ ಬಂಡೀಪುರದ ಕಾಡು ದಾಟಿ ಮೈಸೂರಿಗೆ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದರೆ, ಲಾರಿ ಸಿಕ್ಕಿಬಿದ್ದರೆ ಆಂಬುಲೆನ್ಸಿನಲ್ಲಿದ್ದವರ ಗತಿ ದೇವರೇ ಬಲ್ಲ. ಸರ್ಕಾರಿ ಮೆಡಿಕಲ್ ಕಾಲೇಜು ಬೇಕೆಂಬ ಬೇಡಿಕೆಗೆ ಯು.ಡಿ.ಎಫ್. ಸರ್ಕಾರ ಒಪ್ಪಿ 2015ರಲ್ಲಿ ಮಡಕ್ಕಿಮಲದಲ್ಲಿ ಶಿಲಾನ್ಯಾಸ ಮಾಡಿತು. ಅನಂತರ ಬಂದ ಎಲ್.ಡಿ.ಎಫ್. ಸರ್ಕಾರ ಆ ಜಾಗ ಭೂವೈಜ್ಞಾನಿಕವಾಗಿ ಸರಿಯಿಲ್ಲವೆಂದು ಬಿಟ್ಟಿತು. ಕೊನೆಗೆ 2021ರಲ್ಲಿ, ವಿಧಾನಸಭಾ ಚುನಾವಣೆಗೆ ಮುನ್ನ, ಮಾನಂತವಾಡಿಯ ಜಿಲ್ಲಾ ಆಸ್ಪತ್ರೆಯನ್ನೇ ಮೆಡಿಕಲ್ ಕಾಲೇಜಾಗಿ ಮೇಲ್ದರ್ಜೆಗೇರಿಸಲಾಯಿತು. 50 ಎಂ.ಬಿ.ಬಿ.ಎಸ್. ಸೀಟುಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿ ಬಂದದ್ದು 2025ರಲ್ಲಿ. ಅದೇ ಹೊತ್ತಿಗೆ ನಮ್ಮ ಕಾಸರಗೋಡಿಗೂ ಬಂತು. ಉಕ್ಕಿನಡ್ಕದಲ್ಲಿ ಶಿಲಾನ್ಯಾಸವಾದದ್ದು 2013ರಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ! ಕಲ್ಲು ಹಾಕುವುದಕ್ಕೂ ಕ್ಲಾಸು ನಡೆಯುವುದಕ್ಕೂ ನಡುವೆ ಎಷ್ಟು ಚುನಾವಣೆಗಳು ಕಳೆದವು ಎಂದು ಮಕ್ಕಳಿಂದ ಲೆಕ್ಕ ಹಾಕಿಸಬಹುದು.

ರಕ್ತದಲ್ಲಿ ಉಳಿದ ಚರಿತ್ರೆ

ಈಗ ಹೇಳುವುದು ನಮ್ಮನ್ನು ಬಹಳ ಕಾಡಿದ ಸಂಗತಿ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ನೀಲಗಿರಿ ಬೆಟ್ಟಸೀಮೆಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಲಕ್ಷಣವನ್ನು ಗುರುತಿಸಿದರು. ರಕ್ತದ ಕೆಂಪು ಕಣಗಳು ದುಂಡಗಿರುವ ಬದಲು ಕುಡುಗೋಲಿನಂತೆ ಬಾಗುವುದು ಇದರ ರೀತಿ. ಮಲಯಾಳದಲ್ಲಿ ಇದನ್ನು 'ಅರಿವಾಳ್ ರೋಗಂ' ಎನ್ನುತ್ತಾರೆ. ವಯನಾಡಿನ ಹಲವು ಆದಿವಾಸಿ ಸಮುದಾಯಗಳಲ್ಲೂ ವಯನಾಡನ್ ಚೆಟ್ಟಿಗಳಲ್ಲೂ ಇದು ಇದೆ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಗುಣ ಬಂದರೆ ಮಗುವಿಗೆ ಮಲೇರಿಯದಿಂದ ಒಂದಿಷ್ಟು ರಕ್ಷಣೆ. ಇಬ್ಬರಿಂದಲೂ ಬಂದರೆ ಜೀವನವಿಡೀ ನೋವು, ರಕ್ತಹೀನತೆ, ಮೇಲಿಂದ ಮೇಲೆ ಆಸ್ಪತ್ರೆ.

ಯೋಚಿಸಿ ನೋಡಿ. ತಲೆತಲಾಂತರದಿಂದ ಜ್ವರದ ಕಾಡಿನಲ್ಲಿ ಬದುಕಲು ಒದಗಿದ ಕವಚವದು. ಮಲೇರಿಯ ಹೋಯಿತು, ಕವಚದ ಪ್ರಯೋಜನ ಹೋಯಿತು, ಭಾರ ಮಾತ್ರ ಉಳಿಯಿತು. ಜ್ವರ ಹೋದ ನೆಲಕ್ಕೆ ಬಂದವರ ಸಂಖ್ಯೆ ಬೆಳೆಯಿತು, ಇದ್ದವರ ದನಿ ಚಿಕ್ಕದಾಯಿತು. ಚಿಕ್ಕ ದನಿಯವರ ಕಾಯಿಲೆಯೂ ಬಹುಕಾಲ ಚಿಕ್ಕ ವಿಷಯವಾಗಿಯೇ ಉಳಿಯಿತು. ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ ಆರಂಭವಾದದ್ದು 2023ರ ಜುಲೈ 1ರಂದು. 1952ರಿಂದ ಎಣಿಸಿದರೆ 71 ವರ್ಷ. ಮಂಗನ ಕಾಯಿಲೆಯೂ ಹಾಗೆಯೇ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಅದು 2015ರಲ್ಲಿ ವಯನಾಡಿನಲ್ಲಿ ಹರಡಿದಾಗ ಹೆಚ್ಚು ನರಳಿದವರು ಕಾಡಿನಂಚಿನ ಆದಿವಾಸಿಗಳು.

ಹಾಗಾದರೆ ಸಂಖ್ಯೆಯೇ ವಿಧಿಯೇ?

ಅಲ್ಲ ಎನ್ನುವುದಕ್ಕೂ ವಯನಾಡಿನಲ್ಲೇ ಉದಾಹರಣೆ ಇದೆ. 1996ರ ಜನಕೀಯ ಯೋಜನೆಯ ಕಾಲದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪಂಚಾಯತುಗಳ ಕೈಗೆ ಬಂದವು. ರಾಜ್ಯದ ಲೆಕ್ಕದಲ್ಲಿ ಕಾಣದವರು ಪಂಚಾಯತಿನ ಲೆಕ್ಕದಲ್ಲಿ ಕಾಣುತ್ತಾರೆ. ಕರ್ನಾಟಕ, ತಮಿಳುನಾಡು ಎರಡಕ್ಕೂ ಗಡಿಯಾಗಿರುವ ನೂಲ್ಪುಳ ಪಂಚಾಯತಿನಲ್ಲಿ ಆದಿವಾಸಿಗಳ ಪಾಲು ಹೆಚ್ಚು. ಅಲ್ಲಿನ ಕುಟುಂಬ ಆರೋಗ್ಯ ಕೇಂದ್ರ ಒಳ್ಳೆಯ ಕೆಲಸಕ್ಕಾಗಿ ರಾಜ್ಯದಾಚೆಗೂ ಹೆಸರು ಪಡೆದಿದೆ. ಮಡಲಿನಲ್ಲಿ ಮಗುವನ್ನಿಟ್ಟುಕೊಂಡು ಬಂದ ತಾಯಿಗೆ ಅವಳ ಮಾತಿನಲ್ಲಿ 'ಏನಾಯ್ತು' ಎಂದು ಕೇಳುವವರೊಬ್ಬರು ಇದ್ದರೆ ಅರ್ಧ ಕಾಯಿಲೆ ಅಲ್ಲೇ ವಾಸಿ. 2024ರ ಜೂನ್‌ನಲ್ಲಿ ಸರ್ಕಾರಿ ಕಡತಗಳಿಂದ 'ಕಾಲೊನಿ' ಎಂಬ ಪದವನ್ನು ಬಿಡಬೇಕೆಂದು ಕೇರಳ ಸರ್ಕಾರ ಆದೇಶಿಸಿತು. ಪದ ಬದಲಾದರೆ ಸಾಲದು, ಆದರೆ ಪದವೂ ಬದಲಾಗಬೇಕು.

ಈಗ ಇನ್ನೊಂದು ಬದಲಾವಣೆ ನಡೆಯುತ್ತಿದೆ. 2001ರಿಂದ 2011ರ ದಶಕದಲ್ಲಿ ವಯನಾಡಿನ ಜನಸಂಖ್ಯೆ ಏರಿದ್ದು ಶೇ. 4.7 ಮಾತ್ರ. ಮೆಣಸು, ಕಾಫಿಯ ಬೆಲೆ ಕುಸಿದು ರೈತರ ಆತ್ಮಹತ್ಯೆಗಳಾದ ದಶಕವದು; 2006ರ ಪ್ರಧಾನಿ ಪರಿಹಾರ ಯೋಜನೆಯಲ್ಲಿ ವಯನಾಡು, ಪಾಲಕ್ಕಾಡು, ಕಾಸರಗೋಡು ಮೂರೂ ಸೇರಿದ್ದವು. ವಲಸೆ ಬಂದವರ ಮೊಮ್ಮಕ್ಕಳು ಶುಂಠಿ ಬೆಳೆಯಲು ಕೊಡಗು, ಎಚ್.ಡಿ. ಕೋಟೆಗೆ ಬಂದರು, ನರ್ಸುಗಳಾಗಿ ವಿದೇಶಕ್ಕೆ ಹೋದರು. ಮನೆಯಲ್ಲಿ ಉಳಿದವರು ಮುದುಕರು. ಇನ್ನು ಮುಂದೆ ಪಕ್ಷಗಳು ಪಿಂಚಣಿ, ಡಯಾಲಿಸಿಸ್, ಹಾಸಿಗೆ ಹಿಡಿದವರ ಆರೈಕೆಯ ಮಾತನ್ನೇ ಹೆಚ್ಚು ಆಡುತ್ತವೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ಒಂದು ನೀತಿ ತಂದಿತು. ಒಳ್ಳೆಯದೇ. ಆದರೆ ಮುದುಕರ ಮತ ಹೆಚ್ಚಾದಾಗ ಪಣಿಯರ ಹಟ್ಟಿಯ ತೂಕ ಕಡಿಮೆಯ ಶಿಶು ಮತ್ತೆ ಸಾಲಿನ ಕೊನೆಗೆ ಹೋಗಬಾರದು.

ಜನಗಣತಿಯ ಮುಂದಿನ ದಿನ 2027ರ ಮಾರ್ಚ್ 1 ಎಂದು ಸರ್ಕಾರ 2025ರಲ್ಲಿ ಪ್ರಕಟಿಸಿತು. 1971ರ ಜನಸಂಖ್ಯೆಯ ಆಧಾರದಲ್ಲಿ ರಾಜ್ಯಗಳ ಲೋಕಸಭಾ ಸ್ಥಾನಗಳನ್ನು ನಿಲ್ಲಿಸಿಟ್ಟದ್ದು 2026ರ ನಂತರದ ಮೊದಲ ಗಣತಿಯ ತನಕ ಎಂಬುದು 2001ರ 84ನೇ ತಿದ್ದುಪಡಿಯ ಮಾತು. ಒಳ್ಳೆಯ ಆರೋಗ್ಯ ಸೇವೆಯಿಂದ ಹೆರಿಗೆಯ ಸಂಖ್ಯೆ ತಗ್ಗಿದ ಕೇರಳ, ಕರ್ನಾಟಕಗಳಿಗೆ ಅದೇ ಕಾರಣದಿಂದ ಸ್ಥಾನಗಳ ಪಾಲು ತಗ್ಗಬಹುದೆಂಬ ಆತಂಕವಿದೆ. ಈ ಆತಂಕದ ಮಾತು ಆಡುವಾಗ ನಾವು ಒಂದನ್ನು ಮರೆಯಬಾರದು. ದೆಹಲಿಯ ಮುಂದೆ ಕೇರಳ ಏನು ಹೇಳುತ್ತದೋ, ಕೇರಳದ ಮುಂದೆ ವಯನಾಡಿನ ಪಣಿಯರು ಹೇಳಬೇಕಾದದ್ದೂ ಅದನ್ನೇ: ತಲೆ ಎಣಿಸಿ ನ್ಯಾಯ ಹಂಚಬೇಡಿ.

ನಮಗೂ ಇದು ದೂರದ ಮಾತಲ್ಲ. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದ ಕಾಲದ ಕಾಸರಗೋಡು ಬೇರೆ, ಈಗಿನದು ಬೇರೆ. ಸಂಖ್ಯೆಯಲ್ಲಿ ಕನ್ನಡಿಗರ ಪಾಲು ತಗ್ಗಿದೆ. ಆದರೂ 2021ರಲ್ಲಿ ಅದೇ ಮಂಜೇಶ್ವರದ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಸಂಖ್ಯೆ ತಗ್ಗಿದರೂ ದನಿ ಉಳಿಯಬಹುದು ಎನ್ನುವುದಕ್ಕೆ ಇದೊಂದು ಗುರುತು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರಲ್ಲಿ ಕೆಲವರು ದಾರಿಯಲ್ಲೇ ಜೀವ ಬಿಟ್ಟದ್ದನ್ನು ನಾವು ಮರೆತಿಲ್ಲ. ಹತ್ತಿರದಲ್ಲಿ ಸರ್ಕಾರಿ ಆಸ್ಪತ್ರೆ ಇಲ್ಲದಿದ್ದರೆ ಗಡಿ ಎಂಬುದು ಭೂಪಟದ ಗೆರೆಯಾಗಿ ಉಳಿಯುವುದಿಲ್ಲ.

ಹಾಗಾಗಿ ಇನ್ನು ಮೇಲೆ ಭೂಪಟದ ಪಾಠ ಮಾಡುವಾಗ ಕೋಲನ್ನು ಒಂದಿಷ್ಟು ಬಲಕ್ಕೆ ಸರಿಸೋಣ. ಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಕಲಂನಲ್ಲಿ ಸರಿಯಾದ ಉತ್ತರ ಬರೆಸಲು ನಮ್ಮ ಮಕ್ಕಳ ಮನೆಯವರಿಗೆ ಹೇಳೋಣ. ಅದರ ಜೊತೆಗೆ, ಎಣಿಕೆಯಲ್ಲಿ ಚಿಕ್ಕದಾಗಿ ಕಂಡವರಿಗೂ ಅದೇ ಮದ್ದು, ಅದೇ ಮರ್ಯಾದೆ ಸಿಗಬೇಕು ಎಂಬುದನ್ನೂ ಕಲಿಸೋಣ. ಎಣಿಕೆಯಲ್ಲಿ ಚಿಕ್ಕವರಾಗಿರುವ ನಾವಲ್ಲದೆ ಬೇರೆ ಯಾರು ಇದನ್ನು ಕಲಿಸಬೇಕು?